ಭಾರತದ ನಿಸರ್ಗ ಸೇವೆಗಳ ಮೌಲ್ಯಮಾಪನ

ಒಂದು ದೇಶದ ಕಾಡು, ಹುಲ್ಲುಗಾವಲು, ಹೊಳೆ, ಕೆರೆ, ಅಳಿವೆ, ಹೊಲಗದ್ದೆಗಳು ಅಲ್ಲಿನ ಜನರ ಬದುಕಿಗೆ ಏನೇನು ಒದಗಿಸುತ್ತಿವೆ, ಎಷ್ಟು ಒದಗಿಸುತ್ತಿವೆ, ಹಾಗೆ ಒದಗಿಸುವ ಕಸುವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅಳೆದು ದಾಖಲಿಸುವ ಕೆಲಸಕ್ಕೆ ಪರಿಸರ ವ್ಯವಸ್ಥೆಯ ಸೇವೆಗಳ ಮೌಲ್ಯಮಾಪನ ಎಂದು ಹೆಸರು. ಚಿಕ್ಕದಾಗಿ ನಿಸರ್ಗ ಸೇವೆಗಳ ಮೌಲ್ಯಮಾಪನ ಎನ್ನಬಹುದು. ಈ ಸೇವೆಗಳನ್ನು ವಾಡಿಕೆಯಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ದವಸ, ನೀರು, ಸೌದೆ, ಮೇವು, ಮೀನು, ಔಷಧಿ ಸಸ್ಯಗಳಂತೆ ಕೈಗೆ ಸಿಗುವಂಥವು ಪೂರೈಕೆ ಸೇವೆಗಳು. ನೆರೆಯನ್ನು ತಗ್ಗಿಸುವುದು, ಮಳೆನೀರನ್ನು ಇಂಗಿಸುವುದು, ಪರಾಗಸ್ಪರ್ಶ, ರೋಗ ಮತ್ತು ಕೀಟಗಳ ಹತೋಟಿ, ಇಂಗಾಲವನ್ನು ಹಿಡಿದಿಡುವುದು ನಿಯಂತ್ರಣ ಸೇವೆಗಳು. ದೇವರಕಾಡಿನ ಮೇಲಿನ ಭಕ್ತಿ, ವಿಹಾರ, ಒಂದು ಊರಿಗೂ ಅದರ ಹೊಳೆಗೂ ಇರುವ ನಂಟು ಸಾಂಸ್ಕೃತಿಕ ಸೇವೆಗಳು. ಮಣ್ಣು ರೂಪುಗೊಳ್ಳುವುದು, ಪೋಷಕಾಂಶಗಳು ಸುತ್ತುವುದು ಮುಂತಾದವು ಉಳಿದ ಮೂರಕ್ಕೂ ಆಧಾರವಾದ ಸೇವೆಗಳು.

ಕೊನೆಯ ಬಗೆಯನ್ನು ಈಗಿನ ಲೆಕ್ಕಪತ್ರಗಳಲ್ಲಿ ಬೇರೆಯಾಗಿ ಎಣಿಸುವುದಿಲ್ಲ. ಮಣ್ಣಿನ ಫಲವತ್ತತೆಯ ಬೆಲೆ ಭತ್ತದ ಬೆಲೆಯೊಳಗೇ ಸೇರಿರುವುದರಿಂದ ಎರಡನ್ನೂ ಕೂಡಿಸಿದರೆ ಒಂದೇ ಲಾಭವನ್ನು ಎರಡು ಸಲ ಬರೆದಂತಾಗುತ್ತದೆ.

ಭಾರತದಲ್ಲಿ ಇಡೀ ದೇಶವನ್ನು ಒಂದೇ ಚೌಕಟ್ಟಿನಲ್ಲಿ ಅಳೆದ ಸಮಗ್ರ ವರದಿಯ ಸುತ್ತ ಈ ವಿದ್ಯೆ ಬೆಳೆಯಲಿಲ್ಲ. ಸುಪ್ರೀಂ ಕೋರ್ಟಿನ ಆದೇಶಗಳು, ಅಂಕಿಅಂಶ ಸಚಿವಾಲಯದ ಪ್ರಕಟಣೆಗಳು, ವಿಜ್ಞಾನಿಗಳ ಬಿಡಿ ಅಧ್ಯಯನಗಳು ಹೀಗೆ ಮೂರು ದಾರಿಗಳಲ್ಲಿ ಅದು ಬೆಳೆಯಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ದೇಶದ ನಿಸರ್ಗಕ್ಕೆಲ್ಲ ಇಷ್ಟು ಲಕ್ಷ ಕೋಟಿ ಎಂದು ಮೊತ್ತ ಹೇಳುವ ಅಂದಾಜುಗಳಿಗಿಂತ, ಒಂದು ಜಿಲ್ಲೆ, ಒಂದು ಪ್ರಾಣಿ, ಒಂದು ಹಳ್ಳಕ್ಕೆ ಸಂಬಂಧಿಸಿದ ಖಚಿತ ಪ್ರಶ್ನೆಯನ್ನು ಹಿಡಿದು ಹೊರಟ ಅಧ್ಯಯನಗಳೇ ಜನರ ಕ್ಷೇಮದ ಬಗ್ಗೆ ಹೆಚ್ಚು ಕಲಿಸಿವೆ.

ಹಿನ್ನೆಲೆ

ರಾಬರ್ಟ್ ಕೊಸ್ಟಾಂಜ ಮತ್ತು ಸಂಗಡಿಗರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಭೂಮಿಯ 17 ಬಗೆಯ ನಿಸರ್ಗ ಸೇವೆಗಳ ಮೌಲ್ಯ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದರು. ಆಗಿನ ಜಗತ್ತಿನ ಒಟ್ಟು ಉತ್ಪನ್ನ ಸುಮಾರು 18 ಲಕ್ಷ ಕೋಟಿ ಡಾಲರ್. ಈ ಅಂಕಿ ಜಗತ್ತಿನ ಗಮನ ಸೆಳೆಯಿತು, ಟೀಕೆಗೂ ಗುರಿಯಾಯಿತು. ಒಂದು ಎಕರೆ ಜೌಗು ನಾಶವಾದರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಬಹುದು, ಆದರೆ ಭೂಮಿಯ ಜೌಗೆಲ್ಲ ನಾಶವಾದರೆ ಲೆಕ್ಕ ಹಾಕಲು ಮನುಷ್ಯರೇ ಉಳಿಯುವುದಿಲ್ಲವಾದ್ದರಿಂದ ಆ ಮೊತ್ತಕ್ಕೆ ಅರ್ಥವಿಲ್ಲ ಎಂಬುದು ಅರ್ಥಶಾಸ್ತ್ರಜ್ಞರ ತಕರಾರು. ತಕರಾರು ಸರಿಯಾದದ್ದೇ. ಇಂದಿಗೂ ರಾಷ್ಟ್ರ ಮಟ್ಟದ ಒಟ್ಟು ಮೊತ್ತಗಳಿಗೆಲ್ಲ ಅದು ಅನ್ವಯಿಸುತ್ತದೆ.

ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಕರೆಯಂತೆ 2001ರಿಂದ 2005ರವರೆಗೆ ನಡೆದ ಸಹಸ್ರಮಾನದ ಮೌಲ್ಯಮಾಪನದಲ್ಲಿ 1,360 ತಜ್ಞರು ದುಡಿದರು. ಪರಿಶೀಲಿಸಿದ 24 ಸೇವೆಗಳಲ್ಲಿ 15 ಕ್ಷೀಣಿಸುತ್ತಿವೆ ಎಂದು ಅವರು ಕಂಡುಕೊಂಡರು. ಹಣವನ್ನಷ್ಟೇ ಅಳತೆಗೋಲಾಗಿ ಇಟ್ಟುಕೊಳ್ಳದೆ ಭದ್ರತೆ, ಬದುಕಿಗೆ ಬೇಕಾದ ಮೂಲ ಸಾಮಗ್ರಿ, ಆರೋಗ್ಯ, ಒಳ್ಳೆಯ ಸಾಮಾಜಿಕ ಸಂಬಂಧ, ಆಯ್ಕೆಯ ಸ್ವಾತಂತ್ರ್ಯ ಎಂಬ ಐದು ನೆಲೆಗಳಲ್ಲಿ ಮನುಷ್ಯನ ಕ್ಷೇಮವನ್ನು ಅವರು ನೋಡಿದ್ದು ಈ ಕ್ಷೇತ್ರಕ್ಕೆ ಸಿಕ್ಕ ದೊಡ್ಡ ಕೊಡುಗೆ. ಅದೇ ಹಾದಿಯಲ್ಲಿ ಬ್ರಿಟನ್ 2011ರಲ್ಲಿ ತನ್ನ ರಾಷ್ಟ್ರೀಯ ಮೌಲ್ಯಮಾಪನವನ್ನು ಮುಗಿಸಿತು. ಎಂಟು ಬಗೆಯ ನೆಲೆಗಳನ್ನು ಪರಿಶೀಲಿಸಿದ ಆ ವರದಿ ಪರಾಗಸ್ಪರ್ಶಿಗಳ ಸೇವೆಗೆ ವರ್ಷಕ್ಕೆ 43 ಕೋಟಿ ಪೌಂಡ್, ಒಳನಾಡಿನ ಜೌಗುಗಳು ನೀರನ್ನು ತಿಳಿಗೊಳಿಸುವುದಕ್ಕೆ 150 ಕೋಟಿ ಪೌಂಡ್‌ವರೆಗೆ ಬೆಲೆ ಹೇಳಿತು. ಸರ್ಕಾರಕ್ಕೆ ಸಲಹೆ ನೀಡಲು ನಿಸರ್ಗ ಬಂಡವಾಳ ಸಮಿತಿ 2012ರಲ್ಲಿ ಹುಟ್ಟಿಕೊಳ್ಳಲು ಅದೇ ಮೂಲ.

ನ್ಯಾಯಾಲಯದ ದಾರಿ: ಕಾಡಿಗೆ ಕಟ್ಟಿದ ದರ

ಭಾರತದಲ್ಲಿ ಕಾಡಿನ ಸೇವೆಗಳಿಗೆ ಬೆಲೆ ಕಟ್ಟುವ ಕೆಲಸಕ್ಕೆ ಕಾನೂನಿನ ಬಲ ಬಂದದ್ದು ನೀಲಗಿರಿಯ ಗೂಡಲೂರಿನ ಕಾಡಿಗೆ ಸಂಬಂಧಿಸಿದಂತೆ ಟಿ. ಎನ್. ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಹೂಡಿದ ಮೊಕದ್ದಮೆಯಿಂದ. 1996ರ ಡಿಸೆಂಬರಿನ ಆದೇಶದಲ್ಲಿ ಸುಪ್ರೀಂ ಕೋರ್ಟ್ ಅರಣ್ಯ ಎಂಬ ಪದದ ವ್ಯಾಪ್ತಿಯನ್ನು ವಿಸ್ತರಿಸಿತು. 2002ರಲ್ಲಿ, ಗಣಿ, ಅಣೆಕಟ್ಟು, ರಸ್ತೆ ಮುಂತಾದ ಕೆಲಸಗಳಿಗೆ ಕಾಡನ್ನು ಬಳಸಿಕೊಳ್ಳುವವರು ಅದರ ನಿವ್ವಳ ಪ್ರಸ್ತುತ ಮೌಲ್ಯವನ್ನು ಕಟ್ಟಬೇಕೆಂದು ವಿಧಿಸಿತು. ಆ ಮೌಲ್ಯವನ್ನು ಲೆಕ್ಕ ಹಾಕುವ ಬಗೆ ತಿಳಿಸಲು ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ಸಮಿತಿ ರಚನೆಯಾಯಿತು. ಮರಮುಟ್ಟು, ಇಂಗಾಲ, ಸೌದೆ ಮತ್ತು ಮೇವು, ಕಿರು ಅರಣ್ಯ ಉತ್ಪನ್ನ, ಪ್ರವಾಸ, ಜಲಾನಯನ ಸೇವೆ, ಜೀವವೈವಿಧ್ಯ ಇವುಗಳನ್ನು ಸಮಿತಿ ಗಣನೆಗೆ ತೆಗೆದುಕೊಂಡಿತು. 2008ರ ಮಾರ್ಚಿನಲ್ಲಿ ನ್ಯಾಯಾಲಯ ನಿಗದಿ ಮಾಡಿದ ದರ ಕಾಡಿನ ವರ್ಗ ಮತ್ತು ದಟ್ಟಣೆಯನ್ನು ಅನುಸರಿಸಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ವನ್ಯಧಾಮಗಳಿಗೆ ಅದರ ಐದು ಪಟ್ಟು, ರಾಷ್ಟ್ರೀಯ ಉದ್ಯಾನಗಳಿಗೆ ಹತ್ತು ಪಟ್ಟು.

ಜಗತ್ತಿನ ಕೆಲವೇ ದೇಶಗಳಲ್ಲಿ ನಿಸರ್ಗ ಸೇವೆಯ ಬೆಲೆಗೆ ಇಷ್ಟು ಗಟ್ಟಿ ಕಾನೂನು ಬಲವಿದೆ ಎಂಬುದನ್ನು ಮೆಚ್ಚಲೇಬೇಕು. ಅದುವರೆಗೆ ಕಾಡನ್ನು ಕಳೆದುಕೊಂಡರೆ ಕಳೆದುಹೋದದ್ದು ಮರಮುಟ್ಟು ಮಾತ್ರ ಎಂಬಂತಿದ್ದ ಆಡಳಿತದ ಲೆಕ್ಕಕ್ಕೆ ನೀರು ಮತ್ತು ಮೇವು ಸೇರಿದವು. ಆದರೆ ಲೆಕ್ಕದ ಒಳಗೇ ಒಂದು ಕೊರತೆ ಇತ್ತು. ಸೇವೆಗಳ ಮೌಲ್ಯವನ್ನು 20 ವರ್ಷಗಳ ಅವಧಿಗೆ ಮಾತ್ರ ಎಣಿಸಲಾಯಿತು, ಮುಂದಿನ ವರ್ಷಗಳ ಲಾಭವನ್ನು ಬಡ್ಡಿಯಂತೆ ವರ್ಷವರ್ಷಕ್ಕೂ ತಗ್ಗಿಸಲಾಯಿತು. ಗಣಿಗೆ ಹೋದ ಶೋಲಾ ಕಾಡು 20 ವರ್ಷಗಳಲ್ಲಿ ಮರಳುವುದಿಲ್ಲ. ಎರಡನೆಯ ಕೊರತೆ ಇನ್ನೂ ದೊಡ್ಡದು. ಹಣ ಕಟ್ಟುವವರು ಯೋಜನೆಯವರು, ಪಡೆಯುವುದು ಸರ್ಕಾರದ ನಿಧಿ, ಸೇವೆ ಕಳೆದುಕೊಳ್ಳುವವರು ಆ ಕಾಡಿನ ಅಂಚಿನ ಊರಿನವರು. ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ 2016ರಲ್ಲಿ ಬಂತು. 2019ರಲ್ಲಿ ಕೇಂದ್ರವು ರಾಜ್ಯಗಳಿಗೆ ಒಟ್ಟಾಗಿ ವರ್ಗಾಯಿಸಿದ ಮೊತ್ತ 47 ಸಾವಿರ ಕೋಟಿ ರೂಪಾಯಿ ದಾಟಿತ್ತು. ಆ ದುಡ್ಡಿನಿಂದ ಬೇರೆಲ್ಲೋ ನೆಟ್ಟ ಸಸಿ, ಇಲ್ಲಿ ಒರತೆ ಬತ್ತಿದ ಊರಿಗೆ ನೀರು ತರುವುದಿಲ್ಲ. ಹೀಗಾಗಿ ಕಾಡನ್ನು ಉಳಿಸಲೆಂದು ಕಟ್ಟಿದ ದರವೇ ಅನೇಕ ಕಡೆ ಕಾಡನ್ನು ಬಿಟ್ಟುಕೊಡುವ ಪ್ರಕ್ರಿಯೆಯ ಒಂದು ಶುಲ್ಕವಾಗಿ ನಿಂತಿತು.

ಈ ನಡುವೆ ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಯ ಮಧು ವರ್ಮಾ ಮತ್ತು ತಂಡದವರು 2015ರಲ್ಲಿ ಕಾರ್ಬೆಟ್, ಕಾನ್ಹಾ, ಕಾಜಿರಂಗಾ, ಪೆರಿಯಾರ್, ರಣಥಂಬೋರ್, ಸುಂದರಬನ ಎಂಬ ಆರು ಹುಲಿ ಮೀಸಲುಗಳನ್ನು ಅಳೆದರು. ಅವುಗಳಿಂದ ಹರಿದುಬರುವ ಲಾಭ ಮೀಸಲೊಂದಕ್ಕೆ ವರ್ಷಕ್ಕೆ 830 ಕೋಟಿಯಿಂದ 1,760 ಕೋಟಿ ರೂಪಾಯಿ, ಹೆಕ್ಟೇರಿಗೆ ಲೆಕ್ಕ ಹಾಕಿದರೆ 50 ಸಾವಿರದಿಂದ 1.9 ಲಕ್ಷ ರೂಪಾಯಿ. ಕರ್ನಾಟಕದ ಬಂಡೀಪುರ ಎರಡನೆಯ ಸುತ್ತಿನ ಅಧ್ಯಯನದಲ್ಲಿ ಸೇರಿತು. ಒಮ್ಮೆ ಕಟ್ಟಿ ಮುಗಿಸುವ ದರದ ಪಕ್ಕದಲ್ಲಿ, ವರ್ಷವರ್ಷವೂ ಬರುವ ಈ ಲಾಭವನ್ನು ಇಟ್ಟು ನೋಡುವುದು ಒಳ್ಳೆಯದು. ಎರಡರ ಲೆಕ್ಕದ ವಿಧಾನ ಬೇರೆಯಾದರೂ ಒಂದು ಇನ್ನೊಂದರ ಬದಲಿ ಆಗಲಾರದು ಎಂಬುದು ಸ್ಪಷ್ಟವಾಗುತ್ತದೆ.

ಕಾಡು ಮತ್ತು ನೀರು

ಪಶ್ಚಿಮ ಘಟ್ಟದ ಕಾಡು ದಕ್ಷಿಣ ಭಾರತಕ್ಕೆ ನೀರು ಕೊಡುತ್ತದೆ ಎಂಬ ಮಾತು ಶಾಲೆಯ ಪುಸ್ತಕದಲ್ಲೂ ಇದೆ. ಅದನ್ನು ಅಳೆಯಹೊರಟಾಗ ವಿಷಯ ಅಷ್ಟು ಸರಳವಲ್ಲ ಎಂದು ತಿಳಿಯುತ್ತದೆ. ಮರಗಳು ನೀರನ್ನು ಹೀರಿ ಗಾಳಿಗೆ ಬಿಡುತ್ತವೆ. ಅದೇ ಮರಗಳ ಬೇರು, ತರಗೆಲೆ, ಗೆದ್ದಲು, ಎರೆಹುಳುಗಳಿಂದ ಸಡಿಲಗೊಂಡ ಮಣ್ಣು ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೊಡುವುದು ಹೆಚ್ಚೋ ಕುಡಿಯುವುದು ಹೆಚ್ಚೋ ಎಂಬುದು ಆಯಾ ನೆಲದ ಸ್ಥಿತಿಗೆ ಬಿಟ್ಟದ್ದು.

ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮತ್ತು ಸಂಗಡಿಗರು ಉತ್ತರ ಕನ್ನಡದ ಕರಾವಳಿ ಮತ್ತು ಘಟ್ಟದ ಹಳ್ಳಗಳಲ್ಲಿ ಇದನ್ನೇ ಅಳೆದರು. ಹಳ್ಳಕ್ಕೆ ಅಡ್ಡವಾಗಿ ಅಳತೆಯ ಕಟ್ಟೆ, ಮಳೆಮಾಪಕ, ನೀರು ನೆಲಕ್ಕೆ ಇಳಿಯುವ ವೇಗ ನೋಡುವ ಉಪಕರಣ ಇಟ್ಟುಕೊಂಡು, ಸಹಜ ಕಾಡಿನ ಹಳ್ಳ, ಸವೆದ ಕಾಡಿನ ಹಳ್ಳ, ಅಕೇಶಿಯಾ ನೆಡುತೋಪಿನ ಹಳ್ಳ ಈ ಮೂರನ್ನು ಹೋಲಿಸಿದರು. ಸವೆದ ನೆಲದಲ್ಲಿ ಮಳೆ ಬಿದ್ದೊಡನೆ ಹಳ್ಳ ಉಕ್ಕಿ ಬೇಗ ಇಳಿಯುತ್ತಿತ್ತು. ಸಹಜ ಕಾಡಿನಲ್ಲಿ ನೀರು ಇಂಗಿ, ಮಳೆಗಾಲ ಕಳೆದ ಮೇಲೂ ಹಳ್ಳದಲ್ಲಿ ಹರಿವು ಉಳಿಯುತ್ತಿತ್ತು. ಅಕೇಶಿಯಾ ತೋಪಿನ ಮಣ್ಣು ಸ್ವಲ್ಪ ಚೇತರಿಸಿಕೊಂಡಿದ್ದರೂ ಸಹಜ ಕಾಡಿನ ಮಟ್ಟಕ್ಕೆ ಬಂದಿರಲಿಲ್ಲ. ಅಡಿಕೆ ತೋಟದವರು ಫೆಬ್ರುವರಿಯಲ್ಲಿ ನೋಡುವ ಹಳ್ಳದ ನೀರು ಜುಲೈಯಲ್ಲಿ ಮೇಲಿನ ಗುಡ್ಡದಲ್ಲಿ ಇಳಿದ ನೀರು. ಆ ಕಾರಣಕ್ಕೇ ಮಲೆನಾಡಿನಲ್ಲಿ ಅಡಿಕೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯ ಬೆಲೆ ಗೊಬ್ಬರ, ದರಕಿಗಷ್ಟೇ ಸೀಮಿತವಲ್ಲ. ಬೆಟ್ಟ ಚೆನ್ನಾಗಿದ್ದರೆ ತೋಟಕ್ಕೆ ನೀರೂ ಇರುತ್ತದೆ.

ರಾಷ್ಟ್ರ ಮಟ್ಟದ ಅಂಕಿಅಂಶ ಈ ವ್ಯತ್ಯಾಸವನ್ನು ಹಿಡಿಯುವುದಿಲ್ಲ. ಭಾರತೀಯ ಅರಣ್ಯ ಸಮೀಕ್ಷೆಯ 2023ರ ವರದಿಯ ಪ್ರಕಾರ ದೇಶದ ಅರಣ್ಯ ಹೊದಿಕೆ 7,15,343 ಚದರ ಕಿಲೋಮೀಟರ್, ಅಂದರೆ ಭೂಭಾಗದ ಶೇ. 21.76. ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆರಳು ಶೇ. 10 ದಾಟಿದರೆ, ಭೂಮಿ ಯಾರದೇ ಇರಲಿ, ಮರ ಯಾವುದೇ ಇರಲಿ, ಅದು ಅರಣ್ಯ ಹೊದಿಕೆ. ಕಾಫಿ ತೋಟ, ನೀಲಗಿರಿ ತೋಪು, ಕುದುರೆಮುಖದ ದಟ್ಟ ಕಾಡು ಒಂದೇ ಮೊತ್ತದೊಳಗೆ ಕೂಡಿಕೊಳ್ಳುತ್ತವೆ. ಉಪಗ್ರಹದಿಂದ ಹೊದಿಕೆಯನ್ನು ಅಳೆಯುವುದು ಸುಲಭ, ಇಂಗಿದ ನೀರನ್ನು ಅಳೆಯಲು ಒಂದೊಂದು ಹಳ್ಳಕ್ಕೂ ಇಳಿಯಬೇಕು. ಇಂಗಾಲದ ಲೆಕ್ಕ ಎಲ್ಲ ವರದಿಗಳಲ್ಲೂ ವಿಸ್ತಾರವಾಗಿದ್ದು ನೀರಿನ ಲೆಕ್ಕ ತೆಳ್ಳಗಿರುವುದಕ್ಕೆ ಒಂದು ಕಾರಣ ಇದು.

ನೀರಿನ ಸೇವೆಗೆ ಕೆಳಗಿನವರು ಮೇಲಿನವರಿಗೆ ಹಣ ಕೊಟ್ಟ ಉದಾಹರಣೆಗಳು ಭಾರತದಲ್ಲಿ ವಿರಳ. ಹಿಮಾಚಲದ ಪಾಲಂಪುರದಲ್ಲಿ ಪಟ್ಟಣಕ್ಕೆ ನೀರು ಕೊಡುವ ಬೋಹಲ್ ಒರತೆಯ ಮೇಲಿನ ಕಾಡನ್ನು ಕಾಯುವ ಹಳ್ಳಿಗಳ ಜೊತೆ ಪುರಸಭೆ ಒಪ್ಪಂದ ಮಾಡಿಕೊಂಡದ್ದು ಅಂಥದ್ದೊಂದು. ಮೊತ್ತ ಸಣ್ಣದು, ಆದರೆ ಯಾರು ಕಾಯುತ್ತಾರೆ, ಯಾರು ಕುಡಿಯುತ್ತಾರೆ ಎಂಬುದು ಕಾಗದದ ಮೇಲೆ ಬಂತು. ನೂರು ಕಿಲೋಮೀಟರ್ ಆಚೆಯಿಂದ ಕಾವೇರಿಯನ್ನು ಮೇಲೆತ್ತಿ ತರುವ ಬೆಂಗಳೂರಿನ ನೀರಿನ ಬಿಲ್ಲಿನಲ್ಲಿ ಪಂಪಿನ ಕರೆಂಟಿಗೆ ಲೆಕ್ಕವಿದೆ. ಕೊಡಗಿನ ಗುಡ್ಡಕ್ಕೆ ಲೆಕ್ಕವಿಲ್ಲ.

ಜೀವ ಉಳಿಸುವ ಸೇವೆಗಳು: ಎರಡು ಅಧ್ಯಯನಗಳು

1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಅಪ್ಪಳಿಸಿದ ಮಹಾಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಭಿತರಕನಿಕಾದ ಕಾಂಡ್ಲಾ ಕಾಡು ಇರುವ ಕೇಂದ್ರಪಾಡಾ ಜಿಲ್ಲೆಯ ನೂರಾರು ಹಳ್ಳಿಗಳ ಸಾವಿನ ದಾಖಲೆಗಳನ್ನು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಪರಿಶೀಲಿಸಿದರು. ಹಳ್ಳಿಗೂ ಕಡಲಿಗೂ ನಡುವೆ ಕಾಂಡ್ಲಾದ ಪಟ್ಟಿ ಅಗಲವಾಗಿದ್ದ ಕಡೆ ಸಾವು ಕಡಿಮೆ ಇತ್ತು. ಇಂಥ ಹೋಲಿಕೆಯಲ್ಲಿ ಮೋಸಹೋಗುವುದು ಸುಲಭ, ಏಕೆಂದರೆ ಕಾಂಡ್ಲಾ ಬೆಳೆಯುವ ನೆಲವೇ ಬೇರೆ, ಅಲ್ಲಿ ನೆಲೆಸುವವರ ಸಂಖ್ಯೆ, ಮನೆಗಳ ಬಗೆಯೂ ಬೇರೆ. ಅದಕ್ಕಾಗಿ ಅವರು ಹಿಂದೆ ಎಲ್ಲೆಲ್ಲಿ ಕಾಂಡ್ಲಾ ಇತ್ತು ಎಂಬ ಹಳೆಯ ನಕ್ಷೆ, ಕಡಲಿನಿಂದ ದೂರ, ನೆಲದ ಎತ್ತರ, ಜನರ ಆರ್ಥಿಕ ಸ್ಥಿತಿ ಎಲ್ಲವನ್ನೂ ಲೆಕ್ಕಕ್ಕೆ ತಂದರು. ಆಮೇಲೂ ಫಲಿತಾಂಶ ನಿಂತಿತು. 2009ರಲ್ಲಿ ಪ್ರಕಟವಾದ ಆ ಲೇಖನದಲ್ಲಿ ಇನ್ನೊಂದು ಮಾತೂ ಇದೆ: ಸರ್ಕಾರ ಮೊದಲೇ ಕೊಟ್ಟ ಮುನ್ನೆಚ್ಚರಿಕೆ ಕಾಂಡ್ಲಾಗಿಂತ ಹೆಚ್ಚು ಜೀವ ಉಳಿಸಿತು. ತಮ್ಮ ವಾದಕ್ಕೆ ಅನುಕೂಲವಲ್ಲದ್ದನ್ನೂ ಹೀಗೆ ಬರೆದಿಟ್ಟದ್ದರಿಂದಲೇ ಆ ಅಧ್ಯಯನದ ಮಾತಿಗೆ ತೂಕ ಬಂದಿದೆ. ಇಂದು ದೇಶದಲ್ಲಿ ಉಳಿದಿರುವ ಕಾಂಡ್ಲಾ ಕಾಡು 5,000 ಚದರ ಕಿಲೋಮೀಟರಿಗಿಂತ ತುಸು ಕಡಿಮೆ.

ಎರಡನೆಯದು ರಣಹದ್ದುಗಳದ್ದು. 1990ರ ದಶಕದ ಮೊದಲಿಗೆ ಭಾರತದಲ್ಲಿ ರಣಹದ್ದುಗಳು ಕೋಟಿಗಳ ಲೆಕ್ಕದಲ್ಲಿದ್ದವು. ಸತ್ತ ದನವನ್ನು ಊರಾಚೆ ಹಾಕಿದರೆ ಹದ್ದುಗಳ ಗುಂಪು ಒಂದು ಗಂಟೆಯೊಳಗೆ ಎಲುಬನ್ನಷ್ಟೇ ಉಳಿಸುತ್ತಿತ್ತು. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ಔಷಧಿ ಅಗ್ಗವಾಗಿ ಸಿಗತೊಡಗಿದ ಮೇಲೆ, ಅದು ಸೇರಿದ ದೇಹವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು ಕುಸಿಯಿತು. ಕಾರಣ ಯಾವುದೆಂದು ಲಿಂಡ್ಸೆ ಓಕ್ಸ್ ಮತ್ತು ತಂಡದವರು ಪತ್ತೆ ಮಾಡಿದ್ದು 2004ರಲ್ಲಿ. ಪಶುಗಳಿಗೆ ಆ ಔಷಧಿ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು.

ಹದ್ದುಗಳಿಲ್ಲದ ಊರುಗಳಲ್ಲಿ ಸತ್ತ ದನಗಳು ಕೊಳೆತವು, ಬೀದಿನಾಯಿ ಮತ್ತು ಇಲಿಗಳು ಹೆಚ್ಚಿದವು, ಕೊಳೆತದ್ದು ಹಳ್ಳಕೊಳ್ಳಗಳಿಗೆ ಸೇರಿತು. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಇದರ ಪರಿಣಾಮವನ್ನು ಮನುಷ್ಯರ ಸಾವಿನಲ್ಲಿ ಅಳೆದು 2024ರಲ್ಲಿ ಪ್ರಕಟಿಸಿದರು. ಹಿಂದೆ ಹದ್ದುಗಳಿಗೆ ತಕ್ಕ ನೆಲೆಯಾಗಿದ್ದ ಜಿಲ್ಲೆಗಳನ್ನೂ ಅಷ್ಟಾಗಿ ತಕ್ಕ ನೆಲೆಯಲ್ಲದ ಜಿಲ್ಲೆಗಳನ್ನೂ ಔಷಧಿ ಬರುವ ಮುಂಚೆ ಮತ್ತು ನಂತರ ಹೋಲಿಸಿ ನೋಡಿದಾಗ, ಮೊದಲಿನವುಗಳಲ್ಲಿ ಸಾವಿನ ಪ್ರಮಾಣ ಶೇ. 4ಕ್ಕೂ ಹೆಚ್ಚು ಏರಿತ್ತು. 2000ದಿಂದ 2005ರವರೆಗೆ ಐದು ಲಕ್ಷದಷ್ಟು ಹೆಚ್ಚುವರಿ ಸಾವು. ನಷ್ಟದ ಅಂದಾಜು ವರ್ಷಕ್ಕೆ ಸುಮಾರು 7,000 ಕೋಟಿ ಡಾಲರ್. ಹದ್ದುಗಳು ಇದ್ದಾಗ ಯಾವ ಸರ್ಕಾರಿ ಪುಸ್ತಕದಲ್ಲೂ ಈ ಸೇವೆಗೆ ಒಂದು ಸಾಲು ಇರಲಿಲ್ಲ. ಕರ್ನಾಟಕ ಸರ್ಕಾರ 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿತು. ಆ ಹೊತ್ತಿಗೆ ಬಂಡೆಗಳ ಮೇಲೆ ಗೂಡು ಕಟ್ಟುವ ಉದ್ದಕೊಕ್ಕಿನ ಹದ್ದುಗಳು ಬೆರಳೆಣಿಕೆಯಷ್ಟಿದ್ದವು.

ಕಾಫಿ ಮತ್ತು ಹೆಜ್ಜೇನು

ಪರಾಗಸ್ಪರ್ಶದ ಸೇವೆಗೆ ಕೊಡಗಿನ ರೊಬಸ್ಟಾ ಕಾಫಿಗಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟದು, ಬೇರೆ ಗಿಡದ ಪರಾಗ ಬೇಕು. ಹೂಮಳೆ ಬಿದ್ದು ವಾರ ಕಳೆದರೆ ತೋಟವೆಲ್ಲ ಬೆಳ್ಳಗೆ ಅರಳಿ, ಕೆಲವೇ ದಿನಗಳಲ್ಲಿ ಹೂ ಕಂದುತ್ತದೆ. ಆ ಅಲ್ಪಕಾಲದಲ್ಲಿ ಗಾಳಿಯ ಜೊತೆ ಹೆಜ್ಜೇನು, ತುಡುವೆ, ಮುಜಂಟಿ ಜೇನುಗಳು ಕೆಲಸ ಮಾಡಬೇಕು. ಸ್ಮಿತಾ ಕೃಷ್ಣನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜೇನುಗಳು ಬಂದು ಹೋದ ಹೂಗಳಲ್ಲಿ ಕಾಯಿ ಕಟ್ಟುವುದು ಹೆಚ್ಚು, ಅದರಲ್ಲೂ ಮುಖ್ಯ ಪಾತ್ರ ಹೆಜ್ಜೇನಿನದು. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಎತ್ತರದ ಮರ, ಸುತ್ತ ಕಾಡು ಬೇಕು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ಉಳಿದಿವೆ. ಅವುಗಳನ್ನು ಉಳಿಸಿದ್ದು ಭಕ್ತಿ. ಕಾಯಿ ಕಟ್ಟಿದ ಕಾಫಿ ಆ ಭಕ್ತಿಯ ಲೆಕ್ಕಕ್ಕೆ ಸಿಗದ ಫಲ.

ಯಾರ ಕ್ಷೇಮ?

ಪವನ್ ಸುಖದೇವ್ ಮುಂದಾಳತ್ವದಲ್ಲಿ 2010ರಲ್ಲಿ ಮುಗಿದ ಅಂತಾರಾಷ್ಟ್ರೀಯ ಅಧ್ಯಯನ ಈ ಕ್ಷೇತ್ರಕ್ಕೆ ಬಡವರ ಜಿಡಿಪಿ ಎಂಬ ಅಳತೆಯನ್ನು ತಂದಿತು. ಕೃಷಿ, ಅರಣ್ಯ, ಮೀನುಗಾರಿಕೆಗಳಿಗೆ ಭಾರತದ ಜಿಡಿಪಿಯಲ್ಲಿ ಸುಮಾರು ಶೇ. 16ರ ಪಾಲು. ಆದರೆ ಹಳ್ಳಿಗಳ ಮತ್ತು ಕಾಡಿನ ಬಡವರ ಬದುಕನ್ನಷ್ಟೇ ತೆಗೆದುಕೊಂಡರೆ ಅವರ ಜೀವನಾಧಾರದ ಶೇ. 47 ನಿಸರ್ಗ ಸೇವೆಗಳಿಂದ ಬರುತ್ತದೆ. ದೇಶದ ಸರಾಸರಿಯಲ್ಲಿ ಚಿಕ್ಕದಾಗಿ ಕಾಣುವ ನಷ್ಟ ಒಂದು ಮನೆಯ ಅರ್ಧ ಬದುಕೇ ಆಗಿರಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಅಂಕಿ ಬೇರೆ ಇಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1990ರ ದಶಕದಲ್ಲಿ ನಡೆದ ಅಧ್ಯಯನಗಳು ಇದೇ ಮಾತನ್ನು ಹೇಳಿದವು. ನೆಲ್ಲಿಕಾಯಿ, ಜೇನು, ಸೀಗೆಕಾಯಿ, ಕಲ್ಲುಹೂವಿನಂಥ ಸಂಗ್ರಹದಿಂದ ಅವರ ಆದಾಯದ ಅರ್ಧದಷ್ಟು ಬರುತ್ತಿತ್ತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದು ನಿಂತಾಗ ಆ ಅರ್ಧ ಹೋಯಿತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ಸಿಕ್ಕಿತು. ಕಾಡಿನಲ್ಲಿ ಸೇವೆ ಎಷ್ಟಿದೆ ಎಂಬ ಪ್ರಶ್ನೆಯಷ್ಟೇ ತೂಕದ ಪ್ರಶ್ನೆ ಅದನ್ನು ಮುಟ್ಟುವ ಹಕ್ಕು ಯಾರಿಗಿದೆ ಎಂಬುದು. ಎಷ್ಟೋ ಮೌಲ್ಯಮಾಪನ ವರದಿಗಳು ಎರಡನೆಯದನ್ನು ಕೇಳುವುದೇ ಇಲ್ಲ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನೂ ಇಲ್ಲಿ ನೆನೆಯಬೇಕು. ದೊಡ್ಡ ಅಣೆಕಟ್ಟೆಯಿಲ್ಲದೆ ಕಡಲು ಸೇರುವ ಈ ಹೊಳೆಯ ಬಾಯಲ್ಲಿ ಉಬ್ಬರ ಇಳಿದಾಗ ಹೆಂಗಸರು ಮೊಣಕಾಲು ಮಟ್ಟದ ನೀರಲ್ಲಿ ಚಿಪ್ಪಿಕಲ್ಲು ಹೆಕ್ಕುತ್ತಾರೆ. ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸಾಣಿಕಟ್ಟೆಯಲ್ಲಿ ಉಪ್ಪಿನಾಗರ. 6,000ದಿಂದ 7,500 ಕುಟುಂಬಗಳು ಈ ಅಳಿವೆಯನ್ನು ನಂಬಿವೆ. 2024ರಲ್ಲಿ ಇದಕ್ಕೆ ರಾಮ್ಸಾರ್ ಮನ್ನಣೆ ದೊರೆಯಿತು. ಒಂದೇ ನೀರು ಭತ್ತಕ್ಕೂ ಮೀನಿಗೂ ಉಪ್ಪಿಗೂ ಬೇರೆಬೇರೆ ತಿಂಗಳಲ್ಲಿ ಬೇರೆಬೇರೆ ಹದದಲ್ಲಿ ಬೇಕು. ಒಂದು ಸೇವೆಯನ್ನು ಹೆಚ್ಚಿಸಲು ಹೋಗಿ, ಉದಾಹರಣೆಗೆ ವರ್ಷವಿಡೀ ಸಿಗಡಿ ಸಾಕಲು ಗದ್ದೆಗೆ ಉಪ್ಪುನೀರು ಕಟ್ಟಿದರೆ, ಕಗ್ಗದ ಬೆಳೆ ಹೋಗುತ್ತದೆ. ಸೇವೆಗಳನ್ನು ಒಂದೊಂದಾಗಿ ಬೆಲೆ ಕಟ್ಟಿ ಕೂಡಿಸಿದ ಮೊತ್ತ ಈ ಜಗ್ಗಾಟವನ್ನು ಕಾಣಿಸುವುದಿಲ್ಲ.

ನಗರಗಳು

ಕೋಲ್ಕತ್ತದ ಪೂರ್ವಕ್ಕಿರುವ 12,500 ಹೆಕ್ಟೇರಿನ ಜೌಗುಪ್ರದೇಶ ನಗರದ ಕೊಳಚೆಯನ್ನು ತಿಳಿಗೊಳಿಸುತ್ತಲೇ ಮೀನು, ತರಕಾರಿ, ಭತ್ತ ಕೊಡುತ್ತದೆ. ಕೊಳಚೆಯನ್ನು ಆಳವಿಲ್ಲದ ಭೇರಿಗಳೆಂಬ ಕೊಳಗಳಿಗೆ ಬಿಟ್ಟಾಗ ಬಿಸಿಲು, ಬ್ಯಾಕ್ಟೀರಿಯಾ, ಪಾಚಿ ಸೇರಿ ಅದನ್ನು ಪೋಷಕಾಂಶವಾಗಿ ಮಾರ್ಪಡಿಸುತ್ತವೆ, ಪಾಚಿಯನ್ನು ಮೀನು ತಿನ್ನುತ್ತದೆ. ಎಷ್ಟು ಕೊಳಚೆಯನ್ನು ಯಾವಾಗ ಬಿಡಬೇಕೆಂಬುದು ಅಲ್ಲಿನ ಮೀನುಗಾರರು ತಲೆಮಾರುಗಳಿಂದ ಅರಿತ ವಿದ್ಯೆ. ಎಂಜಿನಿಯರ್ ಧ್ರುವಜ್ಯೋತಿ ಘೋಷ್ ಅದನ್ನು ಲೋಕಕ್ಕೆ ತೋರಿಸಿಕೊಟ್ಟರು, 2002ರಲ್ಲಿ ಅದು ರಾಮ್ಸಾರ್ ಪಟ್ಟಿ ಸೇರಿತು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುವ ಏರ್ಪಾಡು ಅದೇ ತತ್ವದ್ದು. ಘಟಕದ ಕೆಲಸ ಅರ್ಧ, ಜೊಂಡಿನ ಕೆಲಸ ಅರ್ಧ. ಅದೇ ನಗರದ ಬೆಳ್ಳಂದೂರು ಕೆರೆಯಲ್ಲಿ ಆದಂತೆ ತಾಳಿಕೆಗೆ ಮೀರಿದ ಕೊಳಚೆ ನುಗ್ಗಿದರೆ ಸೇವೆ ನಿಲ್ಲುತ್ತದೆ, ಕೆರೆಯೇ ನೊರೆ ಕಾರುತ್ತದೆ.

ಲೆಕ್ಕಪತ್ರಗಳ ದಾರಿ ಮತ್ತು ಹೊರಗುಳಿದ ನೆಲ

ಪಾರ್ಥ ದಾಸ್‌ಗುಪ್ತ ಅವರ ಅಧ್ಯಕ್ಷತೆಯ ಸಮಿತಿ 2013ರಲ್ಲಿ ಭಾರತದ ರಾಷ್ಟ್ರೀಯ ಲೆಕ್ಕಗಳಿಗೆ ನಿಸರ್ಗ ಬಂಡವಾಳವನ್ನು ಸೇರಿಸುವ ಚೌಕಟ್ಟನ್ನು ಸೂಚಿಸಿತು. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2021ರ ಮಾರ್ಚಿನಲ್ಲಿ ಪರಿಸರ ವ್ಯವಸ್ಥೆಯ ಲೆಕ್ಕಪದ್ಧತಿಯನ್ನು ಅಂಗೀಕರಿಸಿತು. ಅದನ್ನು ಪ್ರಯೋಗಿಸಿ ನೋಡಲು ಆರಿಸಿದ ಐದು ದೇಶಗಳಲ್ಲಿ ಬ್ರೆಜಿಲ್, ಚೀನಾ, ಮೆಕ್ಸಿಕೊ, ದಕ್ಷಿಣ ಆಫ್ರಿಕಾದ ಜೊತೆ ಭಾರತವೂ ಇತ್ತು. ಭಾರತದೊಳಗೆ ಪ್ರಯೋಗಕ್ಕೆ ಆಯ್ಕೆಯಾದ ರಾಜ್ಯ ಕರ್ನಾಟಕ. ಅಂಕಿಅಂಶ ಸಚಿವಾಲಯ 2018ರಿಂದ ಪ್ರತಿ ವರ್ಷ ಪರಿಸರ ಲೆಕ್ಕಗಳನ್ನು ಪ್ರಕಟಿಸುತ್ತಿದೆ. ಈ ಪದ್ಧತಿಯ ಒಳ್ಳೆಯ ಗುಣವೆಂದರೆ ರೂಪಾಯಿಗೆ ಕೊನೆಯ ಸ್ಥಾನ ಕೊಟ್ಟಿರುವುದು. ಮೊದಲು ಯಾವ ಬಗೆಯ ನೆಲ ಎಷ್ಟಿದೆ, ಆಮೇಲೆ ಅದರ ಆರೋಗ್ಯ ಹೇಗಿದೆ, ಅನಂತರ ಅದರಿಂದ ಏನು ಹರಿದುಬರುತ್ತಿದೆ, ಕೊನೆಗೆ ಬೇಕಿದ್ದರೆ ಬೆಲೆ.

ಮೊದಲ ಹೆಜ್ಜೆಯಲ್ಲೇ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಕೇಂದ್ರ ಸರ್ಕಾರದ ಬಂಜರು ಭೂಮಿ ನಕ್ಷೆಯಲ್ಲಿ ದೇಶದ ಒಣ ಹುಲ್ಲುಗಾವಲು, ಕುರುಚಲು ನೆಲದ ದೊಡ್ಡ ಪಾಲು ಬಂಜರು ಎಂದೇ ದಾಖಲಾಗಿದೆ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆಯ ಅಮೃತಮಹಲ್ ಕಾವಲು ಅಂಥ ನೆಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಈ ಕಾವಲಿನಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಸುತ್ತಲ ಊರಿನವರಿಗೆ ಅಲ್ಲಿಂದ ಸಿಗುತ್ತಿದ್ದುದು ಕುರಿ, ದನಕ್ಕೆ ಮೇವು, ಕರಿಕಂಬಳಿಗೆ ಉಣ್ಣೆ, ಪೊರಕೆ ಹುಲ್ಲು, ಸೌದೆ. ಇದರ ಜೊತೆ ಮರದ ಹೊದಿಕೆ, ಇಂಗಾಲ ಎಂದು ಮೇಲಿನಿಂದ ಅಳೆಯುವ ಯಾವ ವಿಧಾನಕ್ಕೂ ಸಿಗದ ಒಂದು ವ್ಯವಹಾರವಿದೆ. ಹಗಲಿಡೀ ಕಾವಲಿನಲ್ಲಿ ಮೇಯ್ದ ಕುರಿಗಳನ್ನು ರಾತ್ರಿ ರೈತರು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ, ಗಂಜಲ ಹೊಲಕ್ಕೆ ಬಿದ್ದು ಗೊಬ್ಬರವಾಗುತ್ತದೆ, ಕುರಿಗಾಹಿಗೆ ದವಸವೋ ದುಡ್ಡೋ ಸಿಗುತ್ತದೆ. ಹುಲ್ಲುಗಾವಲಿನ ಸಾರ ಹೊಲಕ್ಕೆ ವರ್ಗವಾಗುವ ಈ ಸೇವೆಗೆ ಊರಲ್ಲಿ ಒಂದು ರಾತ್ರಿಗೆ ಇಷ್ಟೆಂದು ನಿಗದಿಯಾದ ದರವೇ ಇದೆ. ಲೆಕ್ಕಪತ್ರದಲ್ಲಿ ಹೊಲದ ಜೋಳ, ಶೇಂಗಾಗಳಿಗೆ ಕಲಂ ಉಂಟು. ಅದಕ್ಕೆ ಸಾರ ಕೊಟ್ಟ ಕಾವಲು ಬಂಜರು ಎಂಬ ಕಲಮಿನಲ್ಲೇ ಇದೆ.